ಕಲ್ಲಿನಿಂದ ಕಾಗದಕ್ಕೆ: ಚಿತ್ರಕಥೆಯ ಕಥೆ

ಪುಸ್ತಕವನ್ನು ಹಿಂದಿನ ಪುಟದಿಂದ ತೆರೆಯುವವನನ್ನು ಕಂಡರೆ ನಮ್ಮ ಹಿರಿಯರು ನಗುತ್ತಿದ್ದರು. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನಾರೆಂದು ತಿಳಿಯುವ ಆತುರವನ್ನು ತಡೆಯಲಾರದವರು ಮಾತ್ರ ಹಾಗೆ ಮಾಡುತ್ತಾರೆಂಬುದು ಅವರ ನಂಬಿಕೆ. ಆದರೆ ಇಂದು, ಬೆಂಗಳೂರು ಮುಂಬಯಿಗಳಲ್ಲಿ ಮಾತ್ರವಲ್ಲ, ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯ ನ್ಯೂ ಟೌನಿನಂಥ ಊರುಗಳಲ್ಲಿಯೂ, ಕೊನೆಯ ಹಾಳೆಯೇ ಮೊದಲ ಹಾಳೆಯಾಗಿರುವ ಪುಸ್ತಕಗಳನ್ನು ಹಿಡಿದು, ಬಲದಿಂದ ಎಡಕ್ಕೆ ಕಣ್ಣಾಡಿಸುತ್ತ ಮೈಮರೆತಿರುವ ತರುಣ ತರುಣಿಯರು ಕಾಣಸಿಗುತ್ತಾರೆ. ಅವರು ಓದುತ್ತಿರುವುದು ಜಪಾನಿನ ಚಿತ್ರಕಥೆಗಳನ್ನು. ಅವುಗಳಿಗೆ ಅಲ್ಲಿಯ ಹೆಸರು ‘ಮಾಂಗಾ.’

ಕನ್ನಡಿಗನ ಕಿವಿಗೆ ಈ ಹೆಸರು ಒಂದಿಷ್ಟು ನಗೆ ತರಿಸಿದರೆ ಆಶ್ಚರ್ಯವಿಲ್ಲ. ಮನೆಯ ಹಿರಿಯರು ‘ಮಂಗನಾಟದ ಪುಸ್ತಕ’ ಎಂದು ಗೊಣಗುವುದಕ್ಕೂ ಅದು ಅನುಕೂಲವಾಗಿದೆ. ವಾಸ್ತವವಾಗಿ ಚೀನೀ ಲಿಪಿಯ ಎರಡು ಅಕ್ಷರಗಳಿಂದಾದ ಈ ಮಾತಿಗೆ ಮನಬಂದಂತೆ ಹರಿದ ಚಿತ್ರ ಎಂಬ ಅರ್ಥವಿದೆ. ‘ಲೀಲಾಚಿತ್ರ’ ಎಂದರೆ ನಮ್ಮ ನುಡಿಗೆ ಒಪ್ಪೀತು. 1814ರಲ್ಲಿ ಹೊಕುಸಾಯ್ ಎಂಬ ಪ್ರಸಿದ್ಧ ಚಿತ್ರಕಾರನು ತನ್ನ ಕೈಗೆ ಬಂದಂತೆ ಬರೆದ ರೇಖಾಚಿತ್ರಗಳ ಸಂಪುಟಕ್ಕೆ ಈ ಹೆಸರನ್ನಿಟ್ಟನು. ಮಲ್ಲರು, ಮೀನುಗಳು, ಮಳೆಗೆ ಸಿಕ್ಕಿದ ದಾರಿಹೋಕರು, ಭೂತಗಳು, ಎಲ್ಲವೂ ಅದರಲ್ಲುಂಟು. ಅಂಥ ಹದಿನೈದು ಸಂಪುಟಗಳು ಹೊರಬಂದವು. ಕೊನೆಯದು ಅಚ್ಚಾಗುವ ವೇಳೆಗೆ ಹೊಕುಸಾಯ್ ತೀರಿಕೊಂಡು ಇಪ್ಪತ್ತೊಂಬತ್ತು ವರ್ಷಗಳಾಗಿದ್ದವು.

ಜಪಾನೀಯರು ತಮ್ಮ ಚಿತ್ರಕಥೆಯ ವಂಶಾವಳಿಯನ್ನು ಇದಕ್ಕೂ ಹಿಂದಕ್ಕೆ ಒಯ್ಯುತ್ತಾರೆ. ಕ್ಯೋಟೋ ನಗರದ ಕೋಜಾನ್‌ಜಿ ಎಂಬ ಬೌದ್ಧ ವಿಹಾರಕ್ಕೆ ಸೇರಿದ ನಾಲ್ಕು ಕಾಗದದ ಸುರುಳಿಗಳಿವೆ. ಹನ್ನೆರಡು ಹದಿಮೂರನೆಯ ಶತಮಾನಗಳಿಗೆ ಸೇರಿದವು. ಬರಿಯ ಕಪ್ಪು ಮಸಿಯಲ್ಲಿ ಬರೆದ ಚಿತ್ರಗಳು, ಮಾತಿಲ್ಲ, ವಿವರಣೆಯಿಲ್ಲ. ಕಪ್ಪೆಯೂ ಮೊಲವೂ ಕುಸ್ತಿಗೆ ನಿಂತಿವೆ. ಕಪ್ಪೆಯೊಂದು ಬುದ್ಧನಂತೆ ಕುಳಿತಿದ್ದರೆ ಮಂಗವೊಂದು ಪುರೋಹಿತನ ವೇಷದಲ್ಲಿ ಅದರ ಪೂಜೆಗೆ ತೊಡಗಿದೆ. (ಮಾಂಗಾದಲ್ಲಿ ಮಂಗನೂ ಉಂಟೆಂದಾಯಿತು!) ಸುರುಳಿಯನ್ನು ಬಲಗೈಯಿಂದ ಸುತ್ತುತ್ತ ಎಡಗೈಯಿಂದ ಬಿಚ್ಚುತ್ತ ಹೋದಂತೆ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ. ಜಪಾನೀ ಬರಹವೂ ಮೇಲಿನಿಂದ ಕೆಳಕ್ಕೆ ಇಳಿಯುವ ಸಾಲುಗಳಾಗಿ ಬಲದಿಂದ ಎಡಕ್ಕೆ ಹೋಗತಕ್ಕದ್ದು. ಹೀಗಿರುವಲ್ಲಿ ಇಂದಿನ ಮಾಂಗಾ ಪುಸ್ತಕ ನಮಗೆ ಹಿಂದುಮುಂದಾಗಿ ಕಂಡರೆ ತಪ್ಪು ಪುಸ್ತಕದ್ದಲ್ಲ.

ಕೋಜಾನ್‌ಜಿಯ ಭಿಕ್ಷುಗಳು ಇಂಥ ಸುರುಳಿಗಳನ್ನು ಬಿಚ್ಚಿ ನೋಡುತ್ತಿದ್ದ ಕಾಲದಲ್ಲಿ ಕನ್ನಡನಾಡಿನ ಶಿಲ್ಪಿಗಳೇನೂ ಕೈಕಟ್ಟಿ ಕುಳಿತಿರಲಿಲ್ಲ. ನ್ಯೂ ಟೌನಿನವರಿಗೆ ಅರ್ಧ ದಿನ ಬಿಡುವು ದೊರೆತರೆ ಸಾಕು, ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಿ ಇದಕ್ಕೆ ಸಾಕ್ಷ್ಯವನ್ನು ಕಣ್ಣಾರೆ ಕಾಣಬಹುದು. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವದು. ಮಂಟಪದ ಹೊರಮೈಯ ಸುತ್ತಲೂ ನೂರ ನಲವತ್ತು ಶಿಲಾಫಲಕಗಳಲ್ಲಿ ಕಥೆಗಳನ್ನು ಕಂಡರಿಸಲಾಗಿದೆ. ದಕ್ಷಿಣದ ಗೋಡೆಯ ಎಪ್ಪತ್ತು ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ ಇಪ್ಪತ್ತೈದು ಫಲಕಗಳು ಕೃಷ್ಣಲೀಲೆಗೆ, ನಲವತ್ತೈದು ಮಹಾಭಾರತಕ್ಕೆ. ಒಂದೊಂದು ಫಲಕಕ್ಕೂ ಒಂದೊಂದು ಪ್ರಸಂಗ, ಫಲಕದಿಂದ ಫಲಕಕ್ಕೆ ನೋಡುವವನು ಹೆಜ್ಜೆಯಿಡುತ್ತ ಮುಂದುವರಿಯಬೇಕು. ಚಿತ್ರಕಥೆಯೆಂದರೆ ಇದಲ್ಲದೆ ಮತ್ತೇನು?

ಇಲ್ಲೊಂದು ಸ್ವಾರಸ್ಯವಿದೆ. ದೇವಾಲಯವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹೊರಟವನು ನಿಂತು ಗೋಡೆಯತ್ತ ಮುಖ ತಿರುಗಿಸಲಿ. ಅವನು ಮುಂದೆ ಹೋಗಬೇಕಾದ ದಿಕ್ಕು ಅವನ ಎಡಕ್ಕೆ ಬೀಳುತ್ತದೆ. ಎಂದಮೇಲೆ ಹೊಯ್ಸಳ ಗುಡಿಗಳ ವಾಡಿಕೆಯಂತೆ ಪ್ರದಕ್ಷಿಣಕ್ರಮದಲ್ಲಿ ಬಿಡಿಸಿದ ಕಥೆ ನೋಡುವವನ ಕಣ್ಣಿಗೆ ಬಲದಿಂದ ಎಡಕ್ಕೇ ಹರಿಯಬೇಕು, ಜಪಾನೀ ಮಾಂಗಾದಂತೆಯೇ! ಅಮೃತಾಪುರದ ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಯೂ ಪಾಂಡವರ ಕಥೆಯೂ ಹರಿಯುವುದು ಹೀಗೆಯೇ. ದಕ್ಷಿಣದ ರಾಮಾಯಣ ಮಾತ್ರ ಈ ವಾಡಿಕೆಯನ್ನು ಮೀರಿ ಅಪ್ರದಕ್ಷಿಣವಾಗಿ, ಅಂದರೆ ಕನ್ನಡ ಬರಹದಂತೆ ಎಡದಿಂದ ಬಲಕ್ಕೆ, ನಡೆಯುತ್ತದೆ. ಅದೇ ಗುಡಿಯ ಆವರಣದಲ್ಲಿ ಕವಿ ಜನ್ನನು ರಚಿಸಿದ ಪದ್ಯಗಳುಳ್ಳ ಶಾಸನವೂ ನಿಂತಿದೆ. ಜನ್ನನ ಅಕ್ಷರಗಳು ಒಂದು ಕಡೆಗೆ, ಪಾಂಡವರು ಇನ್ನೊಂದು ಕಡೆಗೆ. ಎರಡನ್ನೂ ಓದಬಲ್ಲ ಜನ ಎಂಟುನೂರು ವರ್ಷಗಳ ಹಿಂದೆ ಈ ನೆಲದಲ್ಲಿದ್ದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಬಲದಿಂದ ಎಡಕ್ಕೆ ಓದಲು ಕಲಿತರೆಂದು ನಾವು ಬೆರಗಾಗುತ್ತಿದ್ದೇವೆ.

ಪಾಶ್ಚಾತ್ಯರು ಮೊದಮೊದಲು ಮಾಂಗಾವನ್ನು ಇಂಗ್ಲಿಷಿಗೆ ತಂದಾಗ ಓದುಗರಿಗೆ ತೊಡಕಾಗದಿರಲೆಂದು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚುಹಾಕಿದರು. ಪರಿಣಾಮ ವಿನೋದಮಯವಾಯಿತು. ಕಥಾನಾಯಕರೆಲ್ಲ ಎಡಗೈಯಲ್ಲಿ ಖಡ್ಗ ಹಿಡಿಯತೊಡಗಿದರು. ಅದಕ್ಕಿಂತ ದೊಡ್ಡ ಅನರ್ಥ ಉಡುಪಿನದು. ಜಪಾನೀಯರು ಕಿಮೋನೋ ಎಂಬ ನಿಲುವಂಗಿಯ ಎಡಸೆರಗನ್ನು ಬಲಸೆರಗಿನ ಮೇಲೆ ಬರುವಂತೆ ಉಡುತ್ತಾರೆ. ಬಲಸೆರಗು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ಕ್ರಮ. ಚಿತ್ರ ತಿರುಗಿದ ಕೂಡಲೇ ಮದುವಣಗಿತ್ತಿಯೂ ಹೆಣದಂತೆ ಸಿಂಗರಿಸಿಕೊಂಡಳು! ಕೊನೆಗೆ ಪ್ರಕಾಶಕರು ಪುಸ್ತಕವನ್ನು ಇದ್ದಂತೆಯೇ ಬಿಟ್ಟು, ಓದುಗರಿಗೇ ಹೊಸ ದಿಕ್ಕನ್ನು ಕಲಿಸುವುದು ಲೇಸೆಂದು ಕಂಡುಕೊಂಡರು. ಓದುಗರು ಬಹುಬೇಗ ಕಲಿತರು.

ಯುದ್ಧದ ಬೂದಿಯಿಂದ

ಮಾಂಗಾ ಇಂದಿನ ರೂಪವನ್ನು ತಾಳಿದ್ದು ಎರಡನೆಯ ಮಹಾಯುದ್ಧದ ಅನಂತರ. ನಗರಗಳು ಸುಟ್ಟುಹೋಗಿದ್ದವು, ಅನ್ನಕ್ಕೆ ಬರ, ಕಾಗದಕ್ಕೂ ಬರ. ಮಕ್ಕಳಿಗೆ ಬೇರೆ ಮನರಂಜನೆಯೇ ಇಲ್ಲದ ಆ ದಿನಗಳಲ್ಲಿ ಓಸಾಕಾ ನಗರದ ಸಣ್ಣ ಮುದ್ರಕರು ಒರಟು ಕಾಗದದ ಮೇಲೆ ಅಗ್ಗದ ಚಿತ್ರಕಥೆಗಳನ್ನು ಅಚ್ಚುಮಾಡಿ ಮಾರಿದರು. ಕೊಳ್ಳಲಾರದವರಿಗೆ ಬಾಡಿಗೆಗೆ ಕೊಡುವ ಅಂಗಡಿಗಳೂ ಹುಟ್ಟಿಕೊಂಡವು. ನಮ್ಮ ಊರುಗಳಲ್ಲಿ ಕಾದಂಬರಿಗಳನ್ನು ದಿನಬಾಡಿಗೆಗೆ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1947ರಲ್ಲಿ ಇಂಥದೊಂದು ಪುಸ್ತಕ ಪ್ರಕಟವಾಯಿತು. ಹೆಸರು ‘ಹೊಸ ನಿಧಿದ್ವೀಪ.’ ಚಿತ್ರಗಳನ್ನು ಬರೆದವನು ತೆಜುಕಾ ಒಸಾಮು ಎಂಬ ಹತ್ತೊಂಬತ್ತು ತುಂಬದ ವೈದ್ಯವಿದ್ಯಾರ್ಥಿ. ಕಥೆ ತೆರೆಯುವುದೇ ಬಾಲಕನೊಬ್ಬ ಕಾರಿನಲ್ಲಿ ಬಂದರಿನ ಕಡೆಗೆ ಧಾವಿಸುವ ದೃಶ್ಯದಿಂದ. ಅದುವರೆಗಿನ ಚಿತ್ರಕಥೆಗಳಲ್ಲಿ ಪಾತ್ರಗಳು ರಂಗದ ಮೇಲೆ ನಿಂತ ನಟರಂತೆ ಒಂದೇ ದೂರದಿಂದ ಕಾಣುತ್ತಿದ್ದವು. ತೆಜುಕಾ ಸಿನಿಮಾದ ಕ್ಯಾಮೆರಾವನ್ನೇ ಲೇಖನಿಗೆ ಕಟ್ಟಿದಂತೆ ದೂರದಿಂದ ಹತ್ತಿರಕ್ಕೆ, ಹತ್ತಿರದಿಂದ ಮುಖಕ್ಕೆ, ಮುಖದಿಂದ ಚಕ್ರಕ್ಕೆ ನೋಟವನ್ನು ಚಲಿಸಿದನು. ಪುಸ್ತಕದ ನಾಲ್ಕು ಲಕ್ಷ ಪ್ರತಿಗಳು ಖರ್ಚಾದವೆಂದು ಅಂದಾಜು.

ಈತನು ವೈದ್ಯಶಾಸ್ತ್ರವನ್ನು ಮಧ್ಯದಲ್ಲಿ ಕೈಬಿಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. 1961ರಲ್ಲಿ, ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಥೆಗಾರನಾಗಿದ್ದಾಗಲೇ, ಬಸವನಹುಳುವಿನ ಜೀವಕೋಶಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದನು. ಬದುಕಿನಲ್ಲಿ ಬರೆದ ಪುಟಗಳು ಸುಮಾರು ಒಂದೂವರೆ ಲಕ್ಷ. 1952ರಲ್ಲಿ ಆರಂಭವಾದ ಅವನ ‘ಆಟಮ್’ ಎಂಬ ಯಂತ್ರಬಾಲಕನ ಎದೆಯಲ್ಲಿರುವುದು ಅಣುಶಕ್ತಿ. ಅಣುಬಾಂಬಿಗೆ ಎರಡು ನಗರಗಳನ್ನು ತೆತ್ತ ದೇಶದ ಮಕ್ಕಳು ಆ ಶಕ್ತಿಯನ್ನೇ ಹೊತ್ತ ಬಾಲಕನನ್ನು ತಮ್ಮ ಗೆಳೆಯನೆಂದು ಒಪ್ಪಿಕೊಂಡದ್ದು ಮನಶ್ಶಾಸ್ತ್ರಜ್ಞರು ಆಲೋಚಿಸಬೇಕಾದ ವಿಷಯ. 1972ರಿಂದ 1983ರವರೆಗೆ ತೆಜುಕಾ ಬರೆದದ್ದು ನಮ್ಮ ಗೌತಮಬುದ್ಧನ ಜೀವನವನ್ನು. ಸಾವಿರಾರು ಪುಟಗಳ ಆ ಕೃತಿಯಲ್ಲಿ ಬುದ್ಧನ ಜೊತೆಗೆ ದಾಸರೂ ಕಳ್ಳರೂ ಕಾಡುಪ್ರಾಣಿಗಳೂ ಸಮಾನ ಗೌರವದಿಂದ ಬಾಳುತ್ತಾರೆ.

ಮಕ್ಕಳ ಪುಸ್ತಕವೆಂದರೆ ಸಿಹಿಮಾತೇ ಆಗಬೇಕೆಂಬ ನಿಯಮವನ್ನು ಜಪಾನೀಯರು ಪಾಲಿಸಲಿಲ್ಲ. ಹಿರೋಶಿಮಾದ ಮೇಲೆ ಬಾಂಬು ಬಿದ್ದ ದಿನ ಆರು ವರ್ಷದ ಬಾಲಕನಾಗಿದ್ದ ನಕಜಾವಾ ಕೇಜಿ ತಂದೆಯನ್ನೂ ಅಕ್ಕನನ್ನೂ ತಮ್ಮನನ್ನೂ ಕಳೆದುಕೊಂಡನು. 1973ರಲ್ಲಿ ಅವನು ಅದೇ ಅನುಭವವನ್ನು ‘ಬರಿಗಾಲಿನ ಗೆನ್’ ಎಂಬ ಚಿತ್ರಕಥೆಯಾಗಿ ಬರೆಯತೊಡಗಿದಾಗ ಅದು ಧಾರಾವಾಹಿಯಾಗಿ ಬಂದದ್ದು ಹುಡುಗರ ವಾರಪತ್ರಿಕೆಯಲ್ಲಿಯೇ.

ವಾರಪತ್ರಿಕೆಯ ಮಾತು ಬಂದಿತು. ಧಾರಾವಾಹಿಯ ಮುಂದಿನ ಕಂತಿಗಾಗಿ ಏಳು ದಿನ ಬೆರಳೆಣಿಸುವ ಸುಖದುಃಖಗಳು ನಮ್ಮ ವಾಚಕರಿಗೆ ಹೊಸತಲ್ಲ. ಜಪಾನಿನಲ್ಲಿ ಅದೇ ಸೂತ್ರ ಚಿತ್ರಕಥೆಗೆ ಅನ್ವಯಿಸಿತು. 1959ರಲ್ಲಿ ಹುಡುಗರಿಗಾಗಿ ಎರಡು ಸಾಪ್ತಾಹಿಕಗಳು ಒಟ್ಟಿಗೇ ಹೊರಟವು. 1968ರಲ್ಲಿ ‘ಶೋನೆನ್ ಜಂಪ್’ ಬಂದಿತು. ಪತ್ರಿಕೆಯೊಡನೆ ಒಂದು ಕಾರ್ಡು. ಮೆಚ್ಚಿದ ಕಥೆಗಳನ್ನು ಗುರುತಿಸಿ ಓದುಗರು ಅಂಚೆಗೆ ಹಾಕಬೇಕು. ಕಾರ್ಡುಗಳ ಎಣಿಕೆಯಲ್ಲಿ ಹಿಂದೆಬಿದ್ದ ಧಾರಾವಾಹಿಗೆ ಕೆಲವೇ ವಾರಗಳಲ್ಲಿ ಮಂಗಳ ಹಾಡುತ್ತಾರೆ, ನಾಯಕನಿನ್ನೂ ಕಡಲ ನಡುವೆ ಇದ್ದರೂ ಸರಿಯೇ. ನಿರ್ದಯವಾದ ಕ್ರಮವೆನ್ನಬೇಕು; ವಾರಕ್ಕೆ ಸುಮಾರು ಇಪ್ಪತ್ತು ಪುಟ ಬರೆದೊಪ್ಪಿಸಬೇಕಾದ ಕಲಾವಿದರ ನಿದ್ರೆಯನ್ನೂ ಆರೋಗ್ಯವನ್ನೂ ಅದು ತಿಂದಿದೆ. ಆದರೆ 1990ರ ದಶಕದ ಮಧ್ಯಭಾಗದಲ್ಲಿ ಈ ಒಂದು ಪತ್ರಿಕೆಯ ಒಂದು ಸಂಚಿಕೆ ಅರವತ್ತೈದು ಲಕ್ಷ ಪ್ರತಿಗಳನ್ನು ಮುಟ್ಟಿತ್ತು.

ಇಷ್ಟನ್ನು ಸಾಧ್ಯಮಾಡಿದ ಗುಟ್ಟು ಕಾಗದದಲ್ಲಿದೆ. ಮಾಂಗಾ ಪತ್ರಿಕೆ ನುಣುಪು ಹಾಳೆಯನ್ನು ಬಯಸುವುದಿಲ್ಲ. ಓದಿ ಎಸೆದ ಹಳೆಯ ಕಾಗದವನ್ನೇ ಅರೆದು ಮಾಡಿದ ಒರಟು ಹಾಳೆ, ಅದರ ಮೇಲೆ ಒಂದೇ ಬಣ್ಣದ ಮಸಿ. ಬಣ್ಣವನ್ನು ಬಿಟ್ಟದ್ದರಿಂದ ಪುಟಗಳು ಹೆಚ್ಚಿದವು. ಪುಟಗಳು ಹೆಚ್ಚಿದ್ದರಿಂದ ಕಥೆಗೆ ಬಿಡುವು ದೊರೆಯಿತು. ಮಳೆಯ ಹನಿ ಎಲೆಯಿಂದ ಜಾರುವುದನ್ನು ತೋರಿಸಲು ಮೂರು ಪುಟ ಬೇಕಾದರೆ ಮೂರು ಪುಟವನ್ನೇ ಕೊಡಬಹುದು. ಕಾಗದದ ಬೆಲೆ ಕಲೆಯ ಶೈಲಿಯನ್ನು ಹೀಗೆ ರೂಪಿಸುತ್ತದೆಂಬುದನ್ನು ಭದ್ರಾವತಿಯವರಿಗಿಂತ ಚೆನ್ನಾಗಿ ಬಲ್ಲವರಾರು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಬಿದಿರನ್ನೂ ನೀಲಗಿರಿಯನ್ನೂ ಕಬ್ಬಿನ ಸಿಪ್ಪೆಯನ್ನೂ ಕಾಗದವಾಗಿಸಿತು. 1980ರ ದಶಕದಿಂದ ವೃತ್ತಪತ್ರಿಕೆಗಳಿಗೆ ಬೇಕಾದ ಕಾಗದವನ್ನು ಭಾರಿ ಪ್ರಮಾಣದಲ್ಲಿ ತಯಾರಿಸಿತು. 2015ರಲ್ಲಿ ಅದರ ಉತ್ಪಾದನೆ ನಿಂತಿತು. ಕಬ್ಬಿಣದವರ ನ್ಯೂ ಟೌನು, ಕಾಗದದವರ ಪೇಪರ್ ಟೌನು ಎಂದು ಹೆಸರಿನಲ್ಲಿಯೇ ವೃತ್ತಿಯನ್ನು ಹಂಚಿಕೊಂಡ ಊರಿಗೆ ಆ ನಿಲುಗಡೆ ಸಣ್ಣ ಪೆಟ್ಟಲ್ಲ.

ಕನ್ನಡದ ಮೊದಲ ಹತ್ತು

ಇನ್ನು ನಮ್ಮ ಮನೆಯ ಲೆಕ್ಕ. ಕನ್ನಡಕ್ಕೆ ನಗೆಚಿತ್ರದ ಪರಂಪರೆ ಬಲವಾದದ್ದು. 1942ರಲ್ಲಿ ‘ರಾಶಿ’ ಎಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಆರಂಭಿಸಿದ ‘ಕೊರವಂಜಿ’ಯಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣರು ಚಿತ್ರ ಬರೆದರು. ಮುಂದೆ ಅವರು ಮುಂಬಯಿಯಲ್ಲಿ ಚೌಕಳಿ ಅಂಗಿಯ ‘ಶ್ರೀಸಾಮಾನ್ಯ’ನನ್ನು ಸೃಷ್ಟಿಸಿ ದೇಶಕ್ಕೇ ಪರಿಚಿತರಾದರು. ಆದರೆ ನಗೆಚಿತ್ರ ಒಂದೇ ಚೌಕದ ಮಾತು; ಚೌಕದಿಂದ ಚೌಕಕ್ಕೆ ಹಬ್ಬುವ ಕಥೆಯಲ್ಲ. ಅಂಥ ಕಥೆಗೆ ಕನ್ನಡದ ಮಕ್ಕಳು ಬಹುಮಟ್ಟಿಗೆ ಹೊರಗಿನಿಂದ ಬಂದದ್ದನ್ನೇ ನೆಚ್ಚಬೇಕಾಯಿತು. ಮದರಾಸಿನ ‘ಚಂದಮಾಮ’ ಚಿತ್ರಗಳಿಂದ ಮನಸೂರೆಗೊಂಡಿತು, ಆದರೆ ಅಲ್ಲಿ ಚಿತ್ರಕ್ಕಿಂತ ಬರಹವೇ ಹಿರಿದು. ಕೇರಳದ ‘ಬಾಲಮಂಗಳ’ದಿಂದ ಡಿಂಗನೆಂಬ ಇಲಿ ಹಾರಿಬಂದು ಒಂದು ಪೀಳಿಗೆಯನ್ನೇ ಗೆದ್ದಿತು. ಕನ್ನಡದಲ್ಲಿಯೇ ಹುಟ್ಟಿದ, ನೂರಾರು ಪುಟ ಬೆಳೆದ ಚಿತ್ರಕಾದಂಬರಿಗಳನ್ನು ಎಣಿಸಹೊರಟರೆ ಬೆರಳುಗಳು ಮಿಗುತ್ತವೆ.

ಇದರ ನಡುವೆ ಒಂದು ಘಟನೆ ಮರೆವೆಗೆ ಸಂದಿದೆ. ‘ಅಮರ ಚಿತ್ರ ಕಥಾ’ ಮಾಲೆಯ ಹೆಸರನ್ನು ಕೇಳದವರಿಲ್ಲ. ಇಪ್ಪತ್ತರಷ್ಟು ಭಾಷೆಗಳಲ್ಲಿ, ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಈ ಮಾಲೆಯ ಸಂಪಾದಕ ಅನಂತ ಪೈ ಅಂದಿನ ದಕ್ಷಿಣ ಕನ್ನಡದ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ತೆಜುಕಾನಿಗಿಂತ ಒಂದು ವರ್ಷ ಕಿರಿಯರು. ಎರಡನೆಯ ವಯಸ್ಸಿಗೇ ತಂದೆತಾಯಿಗಳನ್ನು ಕಳೆದುಕೊಂಡರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿ ಸೇರಿದರು. ರಸಾಯನ ತಂತ್ರಶಾಸ್ತ್ರವನ್ನು ಓದಿದರು. ತೆಜುಕಾನಂತೆ ಇವರಿಗೂ ಕಲಿತ ವಿದ್ಯೆ ಒಂದು, ಒಲಿದ ವಿದ್ಯೆ ಮತ್ತೊಂದು. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿ ಕೈಸುಟ್ಟುಕೊಂಡರು. 1964ರಲ್ಲಿ ಟೈಮ್ಸ್ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಹೆಸರಿನಲ್ಲಿ ಆಫ್ರಿಕದ ಕಾಡಿನ ಮುಖವಾಡದ ವೀರ ಫ್ಯಾಂಟಮ್‌ನನ್ನು ಭಾರತಕ್ಕೆ ತಂದಾಗ ಆ ಕೆಲಸದಲ್ಲಿದ್ದರು. 1967ರ ಫೆಬ್ರವರಿಯಲ್ಲಿ ದೆಹಲಿಯ ಟೆಲಿವಿಷನ್ ರಸಪ್ರಶ್ನೆಯೊಂದನ್ನು ನೋಡುತ್ತಿದ್ದಾಗ, ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ತಡವರಿಸಿದರೆಂದೂ, ಆ ನೋವಿನಿಂದಲೇ ಅಮರ ಚಿತ್ರ ಕಥಾ ಹುಟ್ಟಿತೆಂದೂ ಎಲ್ಲರೂ ಹೇಳುತ್ತಾರೆ. ಪೈ ಅವರೇ ಹಾಗೆ ಹೇಳಿದ್ದುಂಟು.

ಆದರೆ ಮಾಲೆಯ ಹೆಸರು ಆ ರಸಪ್ರಶ್ನೆಗಿಂತ ಎರಡು ವರ್ಷ ಹಳೆಯದು. ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಂ ಅವರಿಗೆ, ಇಂಗ್ಲಿಷಿನಲ್ಲಿ ಮಾರಾಟವಾಗುವ ಬಣ್ಣದ ಚಿತ್ರಕಥೆಗಳು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ದೊರೆಯಬೇಕೆಂದು ತೋರಿತು. 1965ರಲ್ಲಿ ಅಮರ ಚಿತ್ರ ಕಥಾ ಎಂಬ ಹೆಸರಿನಲ್ಲಿ ಮೊದಲು ಹೊರಬಿದ್ದದ್ದು ಕನ್ನಡ ಪುಸ್ತಕಗಳೇ. ಅವುಗಳಲ್ಲಿದ್ದುದು ರಾಮನೂ ಅಲ್ಲ, ಕೃಷ್ಣನೂ ಅಲ್ಲ. ಸಿಂಡರೆಲ್ಲಾ, ಹಿಮಶ್ವೇತೆ, ಮರದ ಬೊಂಬೆ ಪಿನೋಕಿಯೋ, ಅಲ್ಲಾವುದ್ದೀನನ ದೀಪ ಮೊದಲಾದ ಹತ್ತು ಅದ್ಭುತ ಕಥೆಗಳು, ಅಮೆರಿಕದ ಚಿತ್ರಗಳು, ಕನ್ನಡದ ಮಾತುಗಳು. ಪುಸ್ತಕಗಳು ಚೆನ್ನಾಗಿ ಖರ್ಚಾದವು. ಆ ಯಶಸ್ಸನ್ನು ಕಂಡೇ ಮುಂಬಯಿಯ ಮುಖ್ಯ ಕಚೇರಿ ಈ ಯೋಜನೆಯನ್ನು ಉತ್ಸಾಹದಿಂದ ಮುಂದುವರಿಸಿತೆಂಬುದು ಅನಂತರಾಂ ಅವರ ಹೇಳಿಕೆ.

ಎರಡು ಕಥನಗಳಿಗೂ ವಿರೋಧವಿರಬೇಕಾಗಿಲ್ಲ. ಒಬ್ಬರಿಗೆ ಭಾಷೆಯ ಹಸಿವು ಕಂಡಿತು, ಇನ್ನೊಬ್ಬರಿಗೆ ಪುರಾಣದ ಹಸಿವು. ಪೈ ಅವರು ಭಾರತೀಯ ಕಥೆಗಳನ್ನು ಕೈಗೆತ್ತಿಕೊಂಡು, ರಾಮ್ ವಾಯೀರ್ಕರರಂಥ ಚಿತ್ರಕಾರರನ್ನು ಕೂಡಿಸಿ, ಮಾಲೆಗೆ ನಿಜವಾದ ಪ್ರಾಣವನ್ನಿತ್ತರೆಂಬುದು ನಿರ್ವಿವಾದ. ಬಸವೇಶ್ವರನೂ ಕೃಷ್ಣದೇವರಾಯನೂ ಮುಂದೆ ಅದರಲ್ಲಿ ಸ್ಥಾನ ಪಡೆದರು. ದೋಷಗಳಿಲ್ಲವೆಂದಲ್ಲ. ನಾಯಕರೆಲ್ಲ ಬೆಳ್ಳಗೆ, ರಕ್ಕಸರೆಲ್ಲ ಕಪ್ಪಗೆ, ರಾಣಿಯರೆಲ್ಲ ಒಂದೇ ಅಚ್ಚಿನ ಬೊಂಬೆಗಳಂತೆ. ವಿದ್ವಾಂಸರು ಎತ್ತಿದ ಈ ಆಕ್ಷೇಪಗಳಲ್ಲಿ ಹುರುಳಿದೆ. ಮೂವತ್ತೆರಡು ಪುಟಗಳ ಮಿತಿಯಲ್ಲಿ ಮಹಾಭಾರತದ ವೀರನೊಬ್ಬನಿಗೆ ಸಂದೇಹಪಡಲೂ ಪುರುಸೊತ್ತು ದೊರೆಯುವುದಿಲ್ಲ. ತೆಜುಕಾನ ಬುದ್ಧನಿಗೆ ಆ ಪುರುಸೊತ್ತು ಯಥೇಚ್ಛವಾಗಿತ್ತು.

ಆದರೆ ಇಲ್ಲಿ ಕನ್ನಡಕ್ಕಾದ ನಷ್ಟ ಬೇರೆ ಬಗೆಯದು. ಮಾಲೆ ಕನ್ನಡದಲ್ಲಿ ಹುಟ್ಟಿ ಇಂಗ್ಲಿಷಿಗೆ ಹೋಯಿತು. ಬಳಿಕ ಇಂಗ್ಲಿಷೇ ಮೂಲವಾಗಿ ಕನ್ನಡ ಅನುವಾದಗಳಲ್ಲಿ ಒಂದಾಯಿತು. ಪುಣೆ ಮುಂಬಯಿಗಳ ಚಿತ್ರಕಾರರು ಈ ಕೆಲಸದಲ್ಲಿ ಪಳಗಿದರು; ಹೆಸರು ಮೊದಲು ಅಚ್ಚಾದ ಬೆಂಗಳೂರಿನಲ್ಲಿ ಅಂಥದೊಂದು ಕಾರ್ಯಶಾಲೆ ಬೆಳೆಯಲಿಲ್ಲ. ಓಸಾಕಾದ ಅಗ್ಗದ ಪುಸ್ತಕಗಳನ್ನು ಜಪಾನೀಯರು ಇಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ. ನಮ್ಮ ಸಿಂಡರೆಲ್ಲಾ ಪಿನೋಕಿಯೋಗಳ ಮರುಮುದ್ರಣ ನಿಂತುಹೋಯಿತು.

ಅವುಗಳ ಕುರುಹು ಬಹಳ ಕಾಲ ಒಂದು ಅಂಕೆಯಲ್ಲಿ ಉಳಿದುಕೊಂಡಿತ್ತು. ಅರವತ್ತರ ದಶಕದ ಕೊನೆಯಲ್ಲಿ ಪೈ ಅವರು ಇಂಗ್ಲಿಷಿನಲ್ಲಿ ಹೊರತಂದ ಮೊದಲ ಪುಸ್ತಕ ‘ಕೃಷ್ಣ.’ ಅದರ ಹಳೆಯ ಪ್ರತಿಯ ಮೇಲೆ ಇರುವ ಸಂಖ್ಯೆ 1 ಅಲ್ಲ, 11. ಒಂದರಿಂದ ಹತ್ತರವರೆಗಿನ ಸ್ಥಾನಗಳು ಆ ಹತ್ತು ಕನ್ನಡ ಪುಸ್ತಕಗಳಿಗೆ ಸಂದಿದ್ದವು. ಮುಂದೆ ಮರುಮುದ್ರಣಗಳಿಗೆ ಹೊಸ ಕ್ರಮಸಂಖ್ಯೆ ಕೊಟ್ಟಾಗ ಎಣಿಕೆ 501ರಿಂದ ಹೊರಟಿತು. ಇಂದು ಅಂಗಡಿಯಲ್ಲಿ ದೊರೆಯುವ ‘ಕೃಷ್ಣ’ನ ಸಂಖ್ಯೆ 501.